ಪುಟ್ಟಣ್ಣ ಕಣಗಾಲ್: ಮನೆಯೊಳಗಿನ ಹಿಂಸೆ ಮತ್ತು ಹೆಣ್ಣಿನ ನಿರಾಕರಣೆ

ಕನ್ನಡ ಚಲನಚಿತ್ರದ ಇತಿಹಾಸದಲ್ಲಿ ಪುಟ್ಟಣ್ಣ ಕಣಗಾಲ್ ಅವರ ಹೆಸರು ಮಹಿಳಾಪ್ರಧಾನ ಚಿತ್ರಗಳೊಡನೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ. ಅವರನ್ನು ಕುರಿತ ಬರವಣಿಗೆಯಲ್ಲಿ ಎರಡು ನಿಲುವುಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಹೆಣ್ಣಿನ ಅಂತರಂಗವನ್ನು ಕನ್ನಡ ತೆರೆಯ ಮೇಲೆ ಮೊದಲ ಬಾರಿಗೆ ಗಂಭೀರವಾಗಿ ತೆರೆದಿಟ್ಟವರು ಅವರೇ ಎಂಬುದು ಒಂದು ನಿಲುವು. ಪ್ರಶ್ನಿಸುವ ಹೆಣ್ಣನ್ನು ಸಾವಿಗೋ ಹುಚ್ಚಿಗೋ ದೂಡಿ, ಆ ಮೂಲಕ ವ್ಯವಸ್ಥೆಯನ್ನೇ ಸಮರ್ಥಿಸಿದರು ಎಂಬುದು ಅದಕ್ಕೆ ಎದುರಾದ ಇನ್ನೊಂದು ನಿಲುವು. ಎರಡೂ ನಿಲುವುಗಳು ಅವರ ಚಿತ್ರಗಳನ್ನು ಒಟ್ಟಾಗಿ ನೋಡುತ್ತವೆಯೇ ಹೊರತು, ಅವರ ವೃತ್ತಿಜೀವನದ ಮೊದಲ ಘಟ್ಟಕ್ಕೂ ಕೊನೆಯ ಘಟ್ಟಕ್ಕೂ ನಡುವೆ ಸಂಭವಿಸಿದ ಪಲ್ಲಟವನ್ನು ಗಮನಿಸುವುದಿಲ್ಲ. ಪುಟ್ಟಣ್ಣನವರ ಬದುಕಿನ ಹಾದಿಯನ್ನು ಅನುಸರಿಸುತ್ತ, ಅವರ ಚಿತ್ರಗಳಲ್ಲಿ ಹೆಣ್ಣು ಬೇಡವೆನ್ನುವ ಹಕ್ಕು ಯಾವ ಯಾವ ರೂಪಗಳನ್ನು ತಾಳಿತು, ಆ ನಿರಾಕರಣೆಗೆ ಯಾವ ಬೆಲೆ ನಿಗದಿಯಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ಪುಟ್ಟಣ್ಣನವರ ಮೂಲ ಹೆಸರು ಸೀತಾರಾಮ ಶರ್ಮ. ಅವರು 1933ರ ಡಿಸೆಂಬರ್ 1ರಂದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನಿಸಿದರು. ಕನ್ನಡ ಚಿತ್ರಗೀತೆಗಳ ರಚನೆಯಲ್ಲಿ ಹೆಸರು ಮಾಡಿದ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಅವರ ಅಣ್ಣ. ಬಡತನದ ಕಾರಣದಿಂದ ಪುಟ್ಟಣ್ಣನವರು ಚಿಕ್ಕಂದಿನಲ್ಲಿಯೇ ಹಲವು ಸಣ್ಣಪುಟ್ಟ ಉದ್ಯೋಗಗಳನ್ನು ಮಾಡಬೇಕಾಯಿತು. ಕೊನೆಗೆ ಅವರು ನೆಲೆ ಕಂಡುಕೊಂಡದ್ದು ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ. ಆ ಕಾಲದಲ್ಲಿ ಕನ್ನಡ ಚಿತ್ರಗಳ ತಯಾರಿಕೆ ಬಹುಮಟ್ಟಿಗೆ ಮದರಾಸಿನಲ್ಲಿಯೇ ನಡೆಯುತ್ತಿತ್ತು. ಪಂತುಲು ಅವರು ಕನ್ನಡ, ತಮಿಳು ಮೊದಲಾದ ಭಾಷೆಗಳಲ್ಲಿ ಏಕಕಾಲದಲ್ಲಿ ಚಿತ್ರಗಳನ್ನು ನಿರ್ಮಿಸುತ್ತಿದ್ದವರು. ಕಥೆಯೊಂದನ್ನು ಬೇರೆ ಬೇರೆ ಭಾಷೆಯ ಪ್ರೇಕ್ಷಕರಿಗೆ ಒಗ್ಗಿಸುವ ಕೌಶಲವನ್ನು ಪುಟ್ಟಣ್ಣನವರು ಕಲಿತದ್ದು ಅಲ್ಲಿಯೇ.

ಅವರು ಸ್ವತಂತ್ರ ನಿರ್ದೇಶಕರಾದದ್ದು ಮಲಯಾಳಂ ಭಾಷೆಯಲ್ಲಿ. ಪಂತುಲು ಅವರ 1958ರ ಕನ್ನಡ ಚಿತ್ರ ‘ಸ್ಕೂಲ್ ಮಾಸ್ಟರ್’ 1964ರಲ್ಲಿ ಮಲಯಾಳಂ ರೂಪ ಪಡೆದಾಗ ಅದರ ನಿರ್ದೇಶನದ ಹೊಣೆ ಪುಟ್ಟಣ್ಣನವರದಾಯಿತು. 1966ರ ‘ಪೂಚಕ್ಕಣ್ಣಿ’ ಎಂಬ ಮಲಯಾಳಂ ಚಿತ್ರಕ್ಕೆ ಅವರು ಆರಿಸಿಕೊಂಡ ಕೃತಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿ. ಅವರು ಕನ್ನಡದಲ್ಲಿ ಚಿತ್ರ ನಿರ್ದೇಶಿಸುವ ಮೊದಲೇ ಕನ್ನಡದ ಲೇಖಕಿಯೊಬ್ಬರ ಕೃತಿಯನ್ನು ಕೈಗೆತ್ತಿಕೊಂಡಿದ್ದರು ಎಂಬುದು ಮುಂದಿನ ಬೆಳವಣಿಗೆಗಳ ದೃಷ್ಟಿಯಿಂದ ಮಹತ್ವದ ಸಂಗತಿ.

ಇಲ್ಲಿ ತ್ರಿವೇಣಿಯವರ ಬಗ್ಗೆ ಎರಡು ಮಾತು ಅಗತ್ಯ. 1928ರಲ್ಲಿ ಜನಿಸಿದ ಅನಸೂಯಾ ಅವರು ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದರು. ಮನಃಶಾಸ್ತ್ರದ ಅಧ್ಯಯನವಿದ್ದ ಅವರು ಮಧ್ಯಮವರ್ಗದ ಮನೆಗಳಲ್ಲಿ ಹೆಣ್ಣಿನ ಮನಸ್ಸು ಹೇಗೆ ಮುರಿಯುತ್ತದೆ ಎಂಬುದನ್ನು ಕಾದಂಬರಿಯ ವಸ್ತುವಾಗಿಸಿದರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತಮ್ಮ ಕೃತಿಗಳು ಕನ್ನಡ ತೆರೆಯ ಮೇಲೆ ಪಡೆದ ಮರುಹುಟ್ಟನ್ನು ಅವರು ಕಾಣಲಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ, ಆರ್ಯಾಂಬ ಪಟ್ಟಾಭಿ, ವಾಣಿ ಮೊದಲಾದ ಲೇಖಕಿಯರು ಐವತ್ತು, ಅರವತ್ತರ ದಶಕಗಳಲ್ಲಿ ಕಟ್ಟಿದ ಓದುಗ ವರ್ಗವೇ ಪುಟ್ಟಣ್ಣನವರ ಪ್ರೇಕ್ಷಕ ವರ್ಗಕ್ಕೆ ತಳಹದಿಯಾಯಿತು. ಗ್ರಂಥಾಲಯಗಳಿಂದ ಕಾದಂಬರಿ ತಂದು ಓದುತ್ತಿದ್ದ ಗೃಹಿಣಿಯರು ತಮ್ಮ ಓದಿನ ಮುಂದುವರಿಕೆಯಾಗಿ ಈ ಚಿತ್ರಗಳನ್ನು ನೋಡಿದರು. ಆದ್ದರಿಂದ ಪುಟ್ಟಣ್ಣನವರ ಸಾಧನೆಯನ್ನು ಅಳೆಯುವಾಗ ಅದರ ಹಿಂದಿರುವ ಲೇಖಕಿಯರ ಪಾಲನ್ನು ಮರೆಯುವಂತಿಲ್ಲ.

2. ‘ಬೆಳ್ಳಿಮೋಡ’: ಬೇಡವೆಂದು ನಿಂತವಳು

1967ರಲ್ಲಿ ತೆರೆಕಂಡ ‘ಬೆಳ್ಳಿಮೋಡ’ ಕನ್ನಡದಲ್ಲಿ ಪುಟ್ಟಣ್ಣನವರ ಮೊದಲ ಚಿತ್ರ. ಇದೂ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದುದು. ನಾಯಕಿ ಇಂದಿರೆ ಸಿರಿವಂತ ತೋಟದೊಡೆಯರ ಒಬ್ಬಳೇ ಮಗಳು. ಅವಳೊಡನೆ ವಿವಾಹ ನಿಶ್ಚಯವಾದ ಮೋಹನ ಅವಳ ತಂದೆಯ ಹಣದಿಂದಲೇ ವಿದೇಶದಲ್ಲಿ ವ್ಯಾಸಂಗ ಮಾಡಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟಿ, ಆಸ್ತಿ ಅವಳ ಪಾಲಿನದಲ್ಲವೆಂದು ತಿಳಿದಾಗ ಮೋಹನ ವಿವಾಹದಿಂದ ಹಿಂಜರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಹಾಸಿಗೆ ಹಿಡಿದಾಗ ಅವನ ಶುಶ್ರೂಷೆ ಮಾಡುವವಳು ಇಂದಿರೆಯೇ. ಗುಣಮುಖನಾದ ಅವನು ಪಶ್ಚಾತ್ತಾಪಪಟ್ಟು ವಿವಾಹವನ್ನು ಬೇಡಿದಾಗ ಅವಳು ಒಪ್ಪುವುದಿಲ್ಲ.

ಈ ಮುಕ್ತಾಯದ ಮಹತ್ವವನ್ನು ಅಂದಿನ ಜನಪ್ರಿಯ ಸಿನಿಮಾದ ಸಂದರ್ಭದಲ್ಲಿಟ್ಟು ನೋಡಬೇಕು. ಪಶ್ಚಾತ್ತಾಪಪಟ್ಟ ಪುರುಷನನ್ನು ಹೆಣ್ಣು ಕ್ಷಮಿಸಿ ಸ್ವೀಕರಿಸುವುದು ಆ ಸಿನಿಮಾದ ಅಲಿಖಿತ ನಿಯಮವಾಗಿತ್ತು. ಇಂದಿರೆ ಸೇವೆ ಮಾಡುತ್ತಾಳೆ, ಕನಿಕರ ತೋರುತ್ತಾಳೆ; ಆದರೆ ಅವೆರಡನ್ನೂ ಪ್ರೀತಿಯೊಡನೆ ಬೆರೆಸಲು ಒಪ್ಪುವುದಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಆದರೆ ವಿವಾಹವೆಂಬುದು ಆಸ್ತಿಯ ವ್ಯವಹಾರವಾಗಿಯೇ ಉಳಿದಿತ್ತೆಂಬುದನ್ನು ಚಿತ್ರ ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ. ಇಂದಿರೆ ಸಾಯುವುದಿಲ್ಲ, ಬುದ್ಧಿಭ್ರಮಣೆಗೆ ಒಳಗಾಗುವುದಿಲ್ಲ, ಇನ್ನೊಬ್ಬ ಪುರುಷನ ಆಶ್ರಯಕ್ಕೂ ಹೋಗುವುದಿಲ್ಲ. ತನ್ನ ಮನೆಯಲ್ಲಿ, ತನ್ನ ನೆಲದ ಮೇಲೆ, ತಮ್ಮನ ಹೊಣೆ ಹೊತ್ತು ಉಳಿಯುತ್ತಾಳೆ. ಚಿಕ್ಕಮಗಳೂರು ಸೀಮೆಯ ಬೆಟ್ಟಗಳ ನಡುವೆ, ಸ್ಟುಡಿಯೊ ಗೋಡೆಗಳಿಂದ ಹೊರಬಂದು ಚಿತ್ರಿಸಿದ ದೃಶ್ಯಗಳು ಅವಳ ಒಂಟಿತನಕ್ಕೆ ಒಂದು ಘನತೆಯನ್ನು ತಂದುಕೊಟ್ಟವು. ಈ ಪಾತ್ರವನ್ನು ವಹಿಸಿದ ಕಲ್ಪನಾ ಮುಂದಿನ ಕೆಲವು ವರ್ಷಗಳ ಕಾಲ ಪುಟ್ಟಣ್ಣನವರ ಮುಖ್ಯ ನಟಿಯಾದರು.

3. ‘ಗೆಜ್ಜೆಪೂಜೆ’ ಮತ್ತು ‘ಶರಪಂಜರ’: ರಕ್ತ ಕಾಣದ ಹಿಂಸೆ

1969ರ ‘ಗೆಜ್ಜೆಪೂಜೆ’ ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರ. ಅದು ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಪುಟ್ಟಣ್ಣನವರಿಗೆ ಚಿತ್ರಕಥೆಗಾಗಿ ರಾಷ್ಟ್ರಪ್ರಶಸ್ತಿ ಲಭಿಸಿತು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಚಂದ್ರಾ ಓದಬೇಕು, ಮದುವೆಯಾಗಬೇಕು, ಎಲ್ಲರಂತೆ ಸಂಸಾರ ನಡೆಸಬೇಕು ಎಂದು ಬಯಸುತ್ತಾಳೆ. ಅವಳ ಬಯಕೆಗೆ ಅಡ್ಡ ಬರುವುದು ಒಬ್ಬ ದುಷ್ಟನಲ್ಲ. ಮನೆಯ ಹಿರಿಯ ಹೆಂಗಸರ ಜೀವನೋಪಾಯದ ಚಿಂತೆ, ನೆರೆಹೊರೆಯ ಗೌರವಸ್ಥರ ಮಡಿವಂತಿಕೆ, ಪ್ರೀತಿಸಿದ ಯುವಕನ ಸಂಶಯ ಎಲ್ಲವೂ ಸೇರಿ ಅವಳನ್ನು ಗೆಜ್ಜೆಪೂಜೆಯ ಪೀಠದವರೆಗೆ ತಂದು ನಿಲ್ಲಿಸುತ್ತವೆ. ಮಂಗಳಕಾರ್ಯದ ರೂಪದಲ್ಲಿ ನಡೆಯುವ ಆ ಆಚರಣೆಯೇ ಹಿಂಸೆ ಎಂಬುದನ್ನು ಪ್ರೇಕ್ಷಕ ಅರಿಯುವಂತೆ ಚಿತ್ರ ಸಂಯೋಜನೆಗೊಂಡಿದೆ. ಚಂದ್ರಾ ಆ ವೃತ್ತಿಯನ್ನು ನಿರಾಕರಿಸುತ್ತಾಳೆ. ಆದರೆ ಇಂದಿರೆಗೆ ಇದ್ದ ಮನೆ, ತೋಟ, ಹೆಸರು ಇವಳಿಗಿಲ್ಲ. ಅವಳಿಗೆ ಉಳಿದ ಏಕೈಕ ದಾರಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವುದು.

ಈ ಚಿತ್ರದ ಮಿತಿಯನ್ನೂ ಗುರುತಿಸಬೇಕು. ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟುವ ಪದ್ಧತಿಗೆ ಬಲಿಯಾದವರು ಹೆಚ್ಚಾಗಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಬಡ ಹೆಣ್ಣುಮಕ್ಕಳು. ‘ಗೆಜ್ಜೆಪೂಜೆ’ ಸಮಸ್ಯೆಯನ್ನು ಮಧ್ಯಮವರ್ಗದ ಬೀದಿಯೊಂದರಲ್ಲಿ ಇರಿಸುತ್ತದೆ. ಜಾತಿಯ ಪ್ರಶ್ನೆ ಅಲ್ಲಿ ಮರೆಯಾಗುತ್ತದೆ. ಚಂದ್ರಾಳ ಬಗ್ಗೆ ಪ್ರೇಕ್ಷಕರಲ್ಲಿ ಮೂಡುವ ಕರುಣೆಗೆ ಅವಳು ಗೃಹಿಣಿಯಾಗಲು ಹಂಬಲಿಸಿದಳೆಂಬುದೇ ಆಧಾರ. ಹಾಗೆ ಹಂಬಲಿಸದ ಅವಳ ಮನೆಯ ಉಳಿದ ಹೆಂಗಸರು ಆ ಕರುಣೆಯ ಹೊರಗೇ ಉಳಿಯುತ್ತಾರೆ. ಹೀಗಿದ್ದರೂ 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಗಿಂತ ಹದಿಮೂರು ವರ್ಷ ಮೊದಲು, ಹುಟ್ಟಿನಿಂದಲೇ ನಿಗದಿಯಾಗುವ ವೃತ್ತಿಯ ಕ್ರೌರ್ಯವನ್ನು ಸಾಮಾನ್ಯ ಪ್ರೇಕ್ಷಕರ ಮುಂದೆ ತಂದ ಹಿರಿಮೆ ಈ ಚಿತ್ರಕ್ಕೆ ಸಲ್ಲುತ್ತದೆ.

1971ರ ‘ಶರಪಂಜರ’ ಪುಟ್ಟಣ್ಣನವರ ಸಾಧನೆಯ ಶಿಖರ. ತ್ರಿವೇಣಿಯವರ ಕಾದಂಬರಿಯ ಕಾವೇರಿ ಪ್ರೀತಿಸಿ ಮದುವೆಯಾದವಳು, ಸುಶಿಕ್ಷಿತೆ. ಎರಡನೆಯ ಹೆರಿಗೆಯ ಸಂದರ್ಭದಲ್ಲಿ, ವಿವಾಹಪೂರ್ವದ ಒಂದು ಘಟನೆಯ ನೆನಪಿನ ಭಾರವೂ ಸೇರಿ, ಅವಳ ಮನಸ್ಸು ಸ್ತಿಮಿತ ಕಳೆದುಕೊಳ್ಳುತ್ತದೆ. ಮಾನಸಿಕ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆದು ಅವಳು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಚಿತ್ರದ ನಿಜವಾದ ವಸ್ತು ಆರಂಭವಾಗುವುದು ಇಲ್ಲಿಂದ. ವೈದ್ಯರು ವಾಸಿಯಾಗಿದೆಯೆಂದು ಕಳುಹಿಸಿದರೂ ಮನೆ ಅವಳನ್ನು ರೋಗಿಯೆಂದೇ ನೋಡುತ್ತದೆ. ಅವಳು ನಕ್ಕರೂ, ಸಿಟ್ಟಾದರೂ, ಹೂ ಮುಡಿದರೂ ಅದು ಹುಚ್ಚಿನ ಲಕ್ಷಣವಾಗುತ್ತದೆ. ಗಂಡ ಸತೀಶ ಮುಟ್ಟಲು ಹಿಂಜರಿಯುತ್ತಾನೆ. ಅವನಿಗೆ ಬೇರೊಬ್ಬಳ ಸಂಬಂಧವಿದೆಯೆಂದು ತಿಳಿದಾಗ ಅವಳು ಮತ್ತೆ ಕುಸಿಯುತ್ತಾಳೆ. ಮತ್ತೆ ಚಿಕಿತ್ಸಾಲಯಕ್ಕೆ ಹೋಗುತ್ತಾಳೆ.

ಸತೀಶ ಕೈಯೆತ್ತಿ ಹೊಡೆಯುವ ಗಂಡನಲ್ಲ. ನೆರೆಹೊರೆಯವರ ಕಣ್ಣಿಗೆ ಅವನು ಸಭ್ಯ ಉದ್ಯೋಗಸ್ಥ. ಅವನ ತಪ್ಪಿಗೆ ರಿಯಾಯಿತಿಯುಂಟು, ಹೆಂಡತಿಯ ಗತಕಾಲಕ್ಕೆ ಇಲ್ಲ. ಈ ಇಬ್ಬಗೆಯ ನೀತಿಯನ್ನು ಚಿತ್ರ ಸ್ಪಷ್ಟವಾಗಿ ಗುರುತಿಸುತ್ತದೆ. ಗಂಡ ಅಥವಾ ಅವನ ಬಂಧುಗಳು ನಡೆಸುವ ಕ್ರೌರ್ಯದಲ್ಲಿ ಮಾನಸಿಕ ಹಿಂಸೆಯೂ ಸೇರುತ್ತದೆಂದು ಭಾರತೀಯ ದಂಡಸಂಹಿತೆ 498ಎ ವಿಧಿಯ ಮೂಲಕ ಒಪ್ಪಿಕೊಂಡದ್ದು 1983ರಲ್ಲಿ. ಭಾವನಾತ್ಮಕ ದೌರ್ಜನ್ಯವನ್ನು ಕೌಟುಂಬಿಕ ಹಿಂಸೆಯೆಂದು ಸ್ಪಷ್ಟವಾಗಿ ಹೆಸರಿಸಿದ್ದು 2005ರ ಕಾಯಿದೆ. ಕಾನೂನಿನ ಭಾಷೆಗೆ ಇನ್ನೂ ಸಿಕ್ಕಿರದ ಈ ಹಿಂಸೆಯನ್ನು ಕನ್ನಡದ ಜನಪ್ರಿಯ ಚಿತ್ರವೊಂದು 1971ರಲ್ಲಿಯೇ ಬಿಡಿಸಿ ತೋರಿತ್ತು. ರಾಷ್ಟ್ರಪ್ರಶಸ್ತಿಗಿಂತಲೂ, ಮನೆಯೊಳಗಿನ ಮೌನವೂ ದೌರ್ಜನ್ಯವಾಗಬಲ್ಲದೆಂಬ ತಿಳಿವಳಿಕೆಯನ್ನು ಸಾವಿರಾರು ಸ್ತ್ರೀಯರಿಗೆ ನೀಡಿದುದೇ ಅದರ ನಿಜವಾದ ಗೆಲುವು.

4. ಎಪ್ಪತ್ತರ ದಶಕ: ನೋಟದ ಗೊಂದಲಗಳು

1972ರ ‘ನಾಗರಹಾವು’ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿದುದು. ವಿಷ್ಣುವರ್ಧನ್ ಅವರನ್ನು ನಾಯಕರನ್ನಾಗಿಯೂ ಅಂಬರೀಶ್ ಅವರನ್ನು ನಟರನ್ನಾಗಿಯೂ ಪರಿಚಯಿಸಿದ ಈ ಚಿತ್ರ ಪುಟ್ಟಣ್ಣನವರಿಗೆ ಅಪಾರ ಜನಪ್ರಿಯತೆಯನ್ನು ತಂದಿತು. ಇಲ್ಲಿ ಕಥೆಯ ಕೇಂದ್ರ ಹೆಣ್ಣಿನಿಂದ ಗಂಡಿಗೆ ವರ್ಗಾವಣೆಗೊಂಡಿತು. ಆದ್ದರಿಂದಲೇ ಹೆಣ್ಣಿನ ಮೇಲಿನ ಹಿಂಸೆಯನ್ನು ಕುರಿತ ಅವರ ನೋಟದ ಗೊಂದಲಗಳು ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಬೀದಿಯಲ್ಲಿ ಅಲಮೇಲುವನ್ನು ಪೀಡಿಸುವ ಜಲೀಲನನ್ನು ಚಿತ್ರ ಖಂಡಿಸುತ್ತದೆ. ಅವನನ್ನು ನಿಗ್ರಹಿಸಿದರೆ ತಂಗಿಯನ್ನು ರಾಮಾಚಾರಿಗೆ ಕೊಡುವುದಾಗಿ ಅಣ್ಣ ಮಾತು ಕೊಡುತ್ತಾನೆ. ಹೆಣ್ಣನ್ನು ಪಣವಾಗಿಸುವ ಈ ಒಪ್ಪಂದವನ್ನು ಚಿತ್ರ ಅಷ್ಟಾಗಿ ಪ್ರಶ್ನಿಸುವುದಿಲ್ಲ. ಅಣ್ಣ ಮಾತು ತಪ್ಪಿದ್ದೇ ಅಲ್ಲಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಮುಂದೆ ಚಾಮಯ್ಯ ಮೇಷ್ಟ್ರು ಶಿಷ್ಯನ ಮನವೊಲಿಸಿ ಅವನಿಂದ ಪ್ರೇಮತ್ಯಾಗ ಮಾಡಿಸುತ್ತಾರೆ. ಅಲಮೇಲುವಿಗೆ ಹಿರಿಯರು ನಿಶ್ಚಯಿಸಿದ ವಿವಾಹವಾಗುತ್ತದೆ. ಆ ಗಂಡನೇ ಅವಳನ್ನು ವೇಶ್ಯಾವೃತ್ತಿಗೆ ನೂಕುತ್ತಾನೆ. ಪುಂಡನಿಂದ ಅವಳನ್ನು ಕಾಪಾಡಿದ ಸಮಾಜ ಸಂಪ್ರದಾಯಬದ್ಧ ಮದುವೆಯಿಂದ ಅವಳನ್ನು ಕಾಪಾಡಲಿಲ್ಲ. ಗುರುವಿನ ಒಳ್ಳೆಯತನವೇ ಅವಳ ಬದುಕಿನ ನಾಶಕ್ಕೆ ಕಾರಣವಾಯಿತೆಂಬ ಕಟುಸತ್ಯದ ಅಂಚಿನವರೆಗೆ ಚಿತ್ರ ಬರುತ್ತದೆ. ಆದರೆ ಅಲ್ಲಿಂದ ಅದು ಗುರುಶಿಷ್ಯರ ದುರಂತದ ಕಡೆಗೆ ತಿರುಗಿ ಅಲಮೇಲುವನ್ನು ಹಿಂದೆಯೇ ಬಿಟ್ಟುಬಿಡುತ್ತದೆ.

1973ರ ‘ಎಡಕಲ್ಲು ಗುಡ್ಡದ ಮೇಲೆ’ ಭಾರತೀಸುತರ ಕಾದಂಬರಿಯನ್ನು ಆಧರಿಸಿತ್ತು. ಯುದ್ಧದಲ್ಲಿ ಗಾಯಗೊಂಡ ಸೈನಿಕಾಧಿಕಾರಿಯ ಪತ್ನಿ ಮಾಧವಿಯ ದೇಹದ ಹಂಬಲವನ್ನು ತೆರೆಗೆ ತಂದ ಧೈರ್ಯ ಅಂದಿಗೆ ಅಸಾಧಾರಣವಾದುದು. ಜಯಂತಿಯವರು ಆ ಪಾತ್ರವನ್ನು ಅವಹೇಳನಕ್ಕೆ ಎಡೆಯಿಲ್ಲದಂತೆ ನಿರ್ವಹಿಸಿದರು. ಆದರೂ ಹಂಬಲಿಸಿದವಳ ಕಥೆ ದುರಂತದಲ್ಲಿಯೇ ಮುಗಿಯಬೇಕಾಯಿತು. 1976ರ ‘ಕಥಾಸಂಗಮ’ ಮೂರು ಸಣ್ಣಕಥೆಗಳ ಗುಚ್ಛ. ಅದರಲ್ಲಿ ಈಶ್ವರಚಂದ್ರರ ಕಥೆಯನ್ನು ಆಧರಿಸಿದ ‘ಮುನಿತಾಯಿ’ ಭಾಗದಲ್ಲಿ ಅಂಧ ಯುವತಿಯೊಬ್ಬಳ ಅಸಹಾಯಕತೆಯನ್ನು ಬಳಸಿಕೊಳ್ಳುವ ಲೈಂಗಿಕ ಶೋಷಣೆಯೇ ವಸ್ತು. ಇವುಗಳ ನಡುವೆ ಬಂದ 1975ರ ‘ಶುಭಮಂಗಳ’ ವಾಣಿಯವರ ಕಾದಂಬರಿಯನ್ನು ಆಧರಿಸಿ, ಹಂಗಿನಲ್ಲಿ ಬದುಕಲೊಪ್ಪದ ಸ್ವಾಭಿಮಾನಿ ಯುವತಿಯನ್ನು ಚಿತ್ರಿಸಿತು. ಇಂದಿರೆಯ ನೆರಳು ಅವಳಲ್ಲಿ ಕಾಣುತ್ತದೆಯಾದರೂ ಅವಳ ನಿರಾಕರಣೆ ತಾತ್ಕಾಲಿಕವಾದುದು. ಅದು ತಪ್ಪು ತಿಳಿವಳಿಕೆಯಿಂದ ಹುಟ್ಟಿ ವಿವಾಹದಲ್ಲಿ ಕರಗಿಹೋಗುತ್ತದೆ.

5. ಕೊನೆಯ ಘಟ್ಟ: ಅನುಕಂಪದ ಸ್ಥಳಾಂತರ

1981ರ ‘ರಂಗನಾಯಕಿ’ ಅಶ್ವತ್ಥರ ಕಾದಂಬರಿಯನ್ನು ಆಧರಿಸಿದ ಚಿತ್ರ. ರಂಗಭೂಮಿಯ ಖ್ಯಾತ ನಟಿ ಸಿರಿವಂತನೊಬ್ಬನನ್ನು ಮದುವೆಯಾಗುತ್ತಾಳೆ. ಬಣ್ಣ ಹಚ್ಚಬಾರದೆಂಬುದು ಗಂಡನ ಷರತ್ತು. ಕಷ್ಟಕ್ಕೆ ಸಿಕ್ಕಿದ ತನ್ನವರಿಗಾಗಿ ಅವಳು ಮತ್ತೆ ರಂಗವೇರಿದಾಗ ಗಂಡ ಮಗುವಿನೊಡನೆ ಅವಳನ್ನು ತೊರೆದುಹೋಗುತ್ತಾನೆ. ಆರತಿಯವರ ಅಭಿನಯದಿಂದ ಸ್ಮರಣೀಯವಾದ ಈ ಚಿತ್ರದ ಮೊದಲ ಭಾಗ ಕಲಾವಿದೆಯ ದುಡಿಮೆಗೂ ಗೃಹಿಣಿಯ ಪಟ್ಟಕ್ಕೂ ನಡುವಿನ ತಿಕ್ಕಾಟವನ್ನು ನಿಷ್ಠುರವಾಗಿ ನಿರೂಪಿಸುತ್ತದೆ. ಉತ್ತರಾರ್ಧದಲ್ಲಿ ಬೆಳೆದ ಮಗ, ತಾಯಿಯೆಂದರಿಯದೆ ಅವಳನ್ನು ಮೋಹಿಸುವ ಪ್ರಸಂಗ ಬಂದು, ಗಂಡನ ಹೊಣೆಗಾರಿಕೆಯ ಪ್ರಶ್ನೆ ವಿಧಿಯ ಆಟದಲ್ಲಿ ಮುಚ್ಚಿಹೋಗುತ್ತದೆ. ರಂಗನಾಯಕಿಯ ಕಥೆಯೂ ಸಾವಿನಲ್ಲಿಯೇ ಕೊನೆಗಾಣುತ್ತದೆ.

1982ರ ‘ಮಾನಸ ಸರೋವರ’ವನ್ನು ‘ಬೆಳ್ಳಿಮೋಡ’ದ ಪಕ್ಕದಲ್ಲಿಟ್ಟು ನೋಡಿದಾಗ ಪುಟ್ಟಣ್ಣನವರ ಬದುಕಿನ ಎರಡು ತುದಿಗಳ ಅಂತರ ಸ್ಪಷ್ಟವಾಗುತ್ತದೆ. ಮನೋವೈದ್ಯನೊಬ್ಬ ತಾನು ಗುಣಪಡಿಸಿದ ಯುವತಿಯನ್ನು ಪ್ರೀತಿಸುತ್ತಾನೆ. ಅವಳ ಮನಸ್ಸು ಇನ್ನೊಬ್ಬ ತರುಣನಲ್ಲಿದೆ. ಅವಳು ಒಲಿಯದಿದ್ದಾಗ ವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಇಲ್ಲಿಯೂ ಹೆಣ್ಣು ಬೇಡವೆನ್ನುತ್ತಾಳೆ. ಇಲ್ಲಿಯೂ ಶುಶ್ರೂಷೆಯಿದೆ, ಋಣವಿದೆ. ಆದರೆ 1967ರಲ್ಲಿ ನಿರಾಕರಿಸಿದವಳ ಕಡೆಗಿದ್ದ ಕ್ಯಾಮೆರಾ 1982ರಲ್ಲಿ ನಿರಾಕೃತನ ಕಡೆಗೆ ಸರಿದಿದೆ. ಶುಶ್ರೂಷೆ ಮಾಡಿದ ಇಂದಿರೆ ಪ್ರತಿಫಲವಾಗಿ ಪ್ರೀತಿಯನ್ನು ಕೇಳಲಿಲ್ಲ, ಕೊಡಲೂ ಇಲ್ಲ. ಚಿಕಿತ್ಸೆ ಪಡೆದ ಈ ಯುವತಿಯಾದರೋ ಕೃತಘ್ನಳೆಂಬಂತೆ ಪ್ರೇಕ್ಷಕರ ಮುಂದೆ ನಿಲ್ಲುತ್ತಾಳೆ. ವೈದ್ಯನಿಗೆ ರೋಗಿಯ ಮೇಲಿರುವ ಅಧಿಕಾರ, ಆ ಅಧಿಕಾರವನ್ನು ಪ್ರೀತಿಯ ಹಕ್ಕೆಂದು ಭಾವಿಸುವುದರಲ್ಲಿರುವ ಅಪಾಯ ಇವು ಚಿತ್ರದ ಕಾಳಜಿಯಾಗುವುದಿಲ್ಲ. ಕಾವೇರಿಯ ಹುಚ್ಚಿಗೆ ಸಮಾಜವನ್ನು ಹೊಣೆ ಮಾಡಿದ ನಿರ್ದೇಶಕರೇ ಪುರುಷನ ಹುಚ್ಚಿಗೆ ಹೆಣ್ಣನ್ನು ಹೊಣೆ ಮಾಡುವಂತಾದುದು ವಿಷಾದದ ಸಂಗತಿ.

ಇದೇ ಕಾಲದಲ್ಲಿ, 1983ರಲ್ಲಿ, ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ತೆರೆಗೆ ತಂದರು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು ಬದುಕಿದ ಫಣಿಯಮ್ಮ ಇನ್ನೊಬ್ಬ ತರುಣಿ ವಿಧವೆ ಅದೇ ಪದ್ಧತಿಯನ್ನು ಧಿಕ್ಕರಿಸಿದಾಗ ಅವಳ ಪರವಾಗಿ ನಿಲ್ಲುತ್ತಾಳೆ. ‘ಗೆಜ್ಜೆಪೂಜೆ’ಯನ್ನು ಬರೆದ ಲೇಖಕಿಯ ಇನ್ನೊಂದು ಕೃತಿಯಲ್ಲಿ, ಮಹಿಳೆಯೊಬ್ಬರ ನಿರ್ದೇಶನದಲ್ಲಿ, ನಿರಾಕರಿಸಿದ ಹೆಣ್ಣು ಬದುಕುಳಿದಳು. ಜನಪ್ರಿಯ ಚಿತ್ರದ ಮುಕ್ತಾಯಗಳು ಅನಿವಾರ್ಯವಾಗಿದ್ದವೆಂಬ ವಾದಕ್ಕೆ ಇದು ಸೂಕ್ತ ಉತ್ತರವೆನ್ನಬಹುದು. ಆದರೆ ಆ ಚಿತ್ರ ತಲುಪಿದ ಪ್ರೇಕ್ಷಕರ ಸಂಖ್ಯೆ ‘ಶರಪಂಜರ’ದ ಪ್ರೇಕ್ಷಕರಿಗೆ ಹೋಲಿಸಿದರೆ ಚಿಕ್ಕದೆಂಬುದನ್ನೂ ಒಪ್ಪಬೇಕು.

ಪುಟ್ಟಣ್ಣನವರು ಕೊನೆಯದಾಗಿ ಕೈಗೆತ್ತಿಕೊಂಡದ್ದು ತ. ರಾ. ಸು. ಅವರ ‘ಮಸಣದ ಹೂವು’ ಕಾದಂಬರಿಯನ್ನು. ವೇಶ್ಯಾಗೃಹದ ಹೆಣ್ಣುಮಕ್ಕಳ ಬದುಕೇ ಅದರ ವಸ್ತು. ಹದಿನಾರು ವರ್ಷಗಳ ಹಿಂದೆ ಚಂದ್ರಾಳ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿದ್ದ ಪ್ರಶ್ನೆಗೆ ಅವರು ಮತ್ತೆ ಮರಳಿದ್ದರು. ಚಿತ್ರ ಪೂರ್ಣಗೊಳ್ಳುವ ಮೊದಲೇ, 1985ರ ಜೂನ್ 5ರಂದು, ತಮ್ಮ ಐವತ್ತೊಂದು ವರ್ಷ ವಯಸ್ಸಿನಲ್ಲಿ ಅವರು ನಿಧನರಾದರು. ಉಳಿದ ಭಾಗವನ್ನು ಕೆ. ಎಸ್. ಎಲ್. ಸ್ವಾಮಿ ಅವರು ಪೂರ್ಣಗೊಳಿಸಿದರು. ಮುಂದೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ನಿರ್ದೇಶಕರಿಗಾಗಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.

6. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳು ಹೆಣ್ಣಿನ ಮೇಲಿನ ಹಿಂಸೆಯನ್ನು ಗುರುತಿಸುವಲ್ಲಿ ತಮ್ಮ ಕಾಲಕ್ಕಿಂತ ಮುಂದಿದ್ದವು. ಆಸ್ತಿಯ ಲೆಕ್ಕಾಚಾರ, ಮಂಗಳಾಚರಣೆ, ಸಭ್ಯ ಗಂಡನ ಮೌನ, ಅಣ್ಣನ ಮಾತು, ಗುರುವಿನ ಹಿತವಚನ ಇವುಗಳಲ್ಲಿ ಅಡಗಿರುವ ದೌರ್ಜನ್ಯವನ್ನು ಅವು ಹೊರಗೆಳೆದವು. ಆದರೆ ಹಿಂಸೆಯನ್ನು ಗುರುತಿಸಿದ ಮೇಲೆ ಹೆಣ್ಣು ಏನು ಮಾಡಬೇಕೆಂಬ ಪ್ರಶ್ನೆಗೆ ಅವು ಕೊಟ್ಟ ಉತ್ತರ ವರ್ಷ ಕಳೆದಂತೆ ಕಿರಿದಾಗುತ್ತ ಬಂದಿತು. ಇಂದಿರೆಗೆ ದೊರೆತ ನೆಲ ಚಂದ್ರಾ, ಕಾವೇರಿ, ರಂಗನಾಯಕಿಯರಿಗೆ ದೊರೆಯಲಿಲ್ಲ. ಇದರಲ್ಲಿ ವಾಸ್ತವದ ಒಂದು ಅಂಶವೂ ಇದೆ. ಇಂದಿರೆಗೆ ನಿಲ್ಲಲು ಮನೆಯಿತ್ತು. ಉಳಿದವರಿಗೆ ಗಂಡನ ಅಥವಾ ಸಮಾಜದ ಕೃಪೆಯ ಹೊರತು ಬೇರೆ ಆಸರೆಯಿರಲಿಲ್ಲ. ನಿರಾಕರಣೆಯ ಶಕ್ತಿ ವ್ಯಕ್ತಿತ್ವದಿಂದಷ್ಟೇ ಬರುವುದಿಲ್ಲ, ಅದಕ್ಕೆ ಕಾಲೂರಲು ನೆಲ ಬೇಕು ಎಂಬುದನ್ನು ಈ ಚಿತ್ರಗಳು, ಬಹುಶಃ ತಮಗೇ ಅರಿವಿಲ್ಲದಂತೆ, ಸಾಕ್ಷೀಕರಿಸಿವೆ.

ಹಾಗಾಗಿ ಅವರನ್ನು ಸ್ತ್ರೀಪರ ನಿರ್ದೇಶಕರೆಂದು ಕೊಂಡಾಡುವುದಾಗಲಿ, ಸಂಪ್ರದಾಯವಾದಿಯೆಂದು ತಳ್ಳಿಹಾಕುವುದಾಗಲಿ ಅವರ ಚಿತ್ರಗಳಿಗೆ ನ್ಯಾಯ ಒದಗಿಸುವುದಿಲ್ಲ. ಕಾವೇರಿಯನ್ನು ಕಂಡು ಕಣ್ಣೀರಿಟ್ಟ ಪ್ರೇಕ್ಷಕರು ಚಿತ್ರಮಂದಿರದಿಂದ ತಮ್ಮ ಮನೆಗೇ ಮರಳಿದರು. ಆ ಕಣ್ಣೀರು ಅವರ ಮನೆಯೊಳಗೆ ಯಾವ ಮಾತನ್ನು ಹುಟ್ಟಿಸಿತು, ಯಾವ ಮಾತನ್ನು ಅಡಗಿಸಿತು ಎಂಬುದು ಇನ್ನೂ ಅಧ್ಯಯನಕ್ಕೆ ಒಳಗಾಗಬೇಕಾದ ವಿಷಯ. ಆ ಕಾಲದ ಪ್ರೇಕ್ಷಕಿಯರು ಇಂದು ವಯೋವೃದ್ಧರಾಗಿದ್ದಾರೆ. ಅವರ ನೆನಪುಗಳನ್ನು ಸಂಗ್ರಹಿಸುವ ಕಾರ್ಯ ಈಗಲೇ ಆರಂಭವಾಗಬೇಕಾಗಿದೆ.